ಸೀಸದ ಮಣಿಯ ಕೈಗವಸು

ಪರದೆಯಕ್ಕನ ಮನೆ ಯಾವುದೆಂದು ಆ ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಹೊಲಿಗೆ ಯಂತ್ರದ ಸದ್ದಿನ ಜಾಡು ಹಿಡಿದು ಬಂದರೆ ಸಾಕು, ಮೂರಂತಸ್ತಿನ ಹಳೇ ಕಟ್ಟಡದ ಕೆಳಗಿನ ಉದ್ದನೆಯ ಕೋಣೆಗೆ ಬಂದು ಮುಟ್ಟುತ್ತಿದ್ದರು. ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳು, ನಡುವೆ ಮಂಚಕ್ಕಿಂತ ದೊಡ್ಡ ಮೇಜು, ಮೂಲೆಯಲ್ಲಿ ಒಲೆ, ಮೇಜಿನ ಕೆಳಗೆ ಸುತ್ತಿಟ್ಟ ಹಾಸಿಗೆ. ಊರಿನ ಅರ್ಧ ಕಿಟಕಿಗಳಿಗೆ ಪರದೆ ಹೊಲಿದ ಹೆಂಗಸಿನ ಸ್ವಂತ ಕಿಟಕಿಗೆ ಮಾತ್ರ ಪರದೆಯಿರಲಿಲ್ಲ. ಯಾರಾದರೂ ಆಡಿಕೊಂಡರೆ, "ಊರವರ ಮಾನ ಮುಚ್ಚೋದ್ರಲ್ಲೇ ನನ್ನ ಆಯಸ್ಸು ಹೋಯ್ತು. ನಮ್ಮನೇಲಿ ಕದ್ದು ನೋಡೋ ಅಂಥದ್ದು ಏನಿದೆ, ಈ ರೇಡಿಯೋ ಒಂದು ಬಿಟ್ಟು?" ಅನ್ನುತ್ತಿದ್ದಳು.

ರೇಡಿಯೋ ಎಂದರೆ ಅವಳ ಗಂಡ. ಎರಡು ಬೀದಿ ಆಚೆ ಅವನದೊಂದು ಕ್ಷೌರದಂಗಡಿ. ಎರಡೇ ಕುರ್ಚಿ. ಒಂದು ಅವನದು, ಇನ್ನೊಂದು ಪರದೆಯಕ್ಕನ ತಮ್ಮನದು. ಬಾಚಣಿಗೆ ಹಿಡಿಯುವುದರಿಂದ ಹಿಡಿದು ಎಲ್ಲ ವಿದ್ಯೆಯನ್ನೂ ಆ ತಮ್ಮ ತನ್ನ ಭಾವನ ಕೈಕೆಳಗೇ ಕಲಿತಿದ್ದ, ಭಾವನ ಬಾಯೊಂದನ್ನು ಬಿಟ್ಟು. ಅಬ್ಬಬ್ಬಾ, ಅದೆಂಥ ಬಾಯಿ! ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತಿದ ಕ್ಷಣದಿಂದ ಹೆಗಲ ಮೇಲಿನ ಕೂದಲು ಕೊಡವುವವರೆಗೆ ಆ ಬಾಯಿಗೆ ಪುರುಸೊತ್ತಿರಲಿಲ್ಲ. ಯಾರ ಮನೆಯ ಬೆಕ್ಕು ಮರಿ ಹಾಕಿತು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಯಾವ ಅತ್ತೆ ಯಾವ ಸೊಸೆಗೆ ಏನಂದಳು, ಎಲ್ಲವೂ ಅವನ ಕತ್ತರಿಯ ಸದ್ದಿನ ಜೊತೆಗೇ ಬರುತ್ತಿತ್ತು. ಪರದೆಯಕ್ಕನ ತುಟಿಗಳ ನಡುವೆ ಸದಾ ಗುಂಡುಸೂಜಿ ಇರುತ್ತಿದ್ದುದರಿಂದ ಮನೆಯಲ್ಲಿ ಅವಳ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಅವಳು ಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಕೊರಗಿಗೆ ಮೊದಮೊದಲು ಇಬ್ಬರೂ ಅತ್ತರು, ಒಬ್ಬರ ಮೇಲೊಬ್ಬರು ಹರಿಹಾಯ್ದರು, ಆಮೇಲೆ ಹೇಗೋ ಅದನ್ನು ಹೊಟ್ಟೆಗೆ ಹಾಕಿಕೊಂಡು ಒಬ್ಬರಿಗೊಬ್ಬರು ಅಂಟಿಕೊಂಡು ಬದುಕಿದರು.

ಅವಳ ಕಸುಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪರದೆ ಹೊಲಿಯುವುದೆಂದರೆ ನಾಲ್ಕು ಅಂಚು ಮಡಚಿ ಕೈ ತೊಳೆದುಕೊಳ್ಳುವುದಲ್ಲ. ಒಳ್ಳೆಯ ಪರದೆಯ ಕೆಳಗಿನ ಅಂಚಿನೊಳಗೆ, ಕಣ್ಣಿಗೆ ಕಾಣದ ಹಾಗೆ, ಸೀಸದ ಮಣಿಗಳನ್ನಿಟ್ಟು ಹೊಲಿಯುತ್ತಾರೆ. ಗಾಳಿಗೆ ಹಾರಾಡುವ, ಮುದುರಿಕೊಳ್ಳುವ ಬಟ್ಟೆ ಆ ಭಾರಕ್ಕೆ ನೇರವಾಗಿ ಇಳಿದು ತೆಪ್ಪಗೆ ನಿಲ್ಲುತ್ತದೆ. ಹುಡುಗಿಯಾಗಿದ್ದಾಗ ಅವಳು ಕೆಲಸ ಕಲಿತ ದೊಡ್ಡ ಹೊಲಿಗೆಮನೆಯಲ್ಲಿ ಮೇಲ್ವಿಚಾರಣೆಯ ಮುದುಕಿ ಹೇಳಿಕೊಟ್ಟದ್ದು ಇಷ್ಟೇ: ಅಂಚು ಆಡುತ್ತಿದೆಯೋ, ಒಂದು ಮಣಿ ಹಾಕು, ಇನ್ನೂ ಆಡುತ್ತಿದೆಯೋ, ಇನ್ನೊಂದು ಹಾಕು, ಬಟ್ಟೆ ಸುಮ್ಮನಾಗುವ ತನಕ ಹಾಕುತ್ತ ಹೋಗು. ಅವಳು ಹಾಗೇ ಮಾಡಿಕೊಂಡು ಬಂದಳು. ಒಂದು ಸಲವೂ ಅದು ಸುಳ್ಳಾಗಿರಲಿಲ್ಲ.

ಗಂಡನ ಬಲಗೈ ಕೆಡಲು ಶುರುವಾದದ್ದು ಕಿರುಬೆರಳಿನಿಂದ. ಮೊದಲು ಜೋಮು. ಆಮೇಲೆ ಬಾಚಣಿಗೆ ಜಾರಿ ಬೀಳತೊಡಗಿತು. ಆಮೇಲೆ ಕತ್ತರಿಯ ತುದಿ ನಡುಗತೊಡಗಿತು. ಒಂದು ದಿನ ಹಳೇ ಗಿರಾಕಿಯೊಬ್ಬರ ಕಿವಿಗೆ ತಗುಲಿ ರಕ್ತ ಬಂತು. ಅವರೇನೋ ನಕ್ಕು, "ಇರ್ಲಿ ಬಿಡಯ್ಯಾ, ನಿನ್ನ ಮಾತು ಕೇಳಿ ಕೇಳಿ ಆ ಕಿವಿ ಹೇಗಿದ್ರೂ ಸವೆದಿತ್ತು" ಅಂದರು. ಅವನು ನಗಲಿಲ್ಲ. ಅಂಗಡಿಯನ್ನು ಭಾವಮೈದುನನಿಗೆ ಬಿಟ್ಟು ಮನೆಗೆ ಬಂದು, ಮೇಜಿನ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತ ಕೂತ.

ಮೊಣಕೈಯ ಹತ್ತಿರ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ವರ್ಷಗಟ್ಟಲೆ ಕೈ ಮಡಚಿ, ಎತ್ತಿ ಹಿಡಿದು ಕೆಲಸ ಮಾಡಿದ್ದರ ಫಲವಂತೆ. ಸಣ್ಣದೊಂದು ಆಪರೇಷನ್ ಆಯಿತು. ನರ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಬೆರಳುಗಳು ಸೊರಗಿವೆ, ಅವಕ್ಕೆ ಮತ್ತೆ ಬಲ ತುಂಬಬೇಕು ಎಂದರು.

"ಕತ್ತರಿ ಹಿಡೀಬಹುದಾ ಡಾಕ್ಟ್ರೇ?" ಎಂದು ಕೇಳಿದ ಅವನು. ಊರ ಸುದ್ದಿಯೆಲ್ಲ ಬಲ್ಲವನಿಗೆ ಆಗ ಬೇಕಾಗಿದ್ದದ್ದು ಅದೊಂದೇ ಸುದ್ದಿ.

"ಹಿಡೀಬಹುದು. ಅವಸರ ಮಾಡದಿದ್ರೆ."

ಆಸ್ಪತ್ರೆಯ ಹಿಂದಿನ ಸಾಲಿನ ಕೋಣೆಯೊಂದರಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಒಬ್ಬ ಮೇಡಂ ಇದ್ದಳು. ಅವಳ ಹತ್ತಿರವೇ ಪರದೆಯಕ್ಕ ಮೊದಲ ಬಾರಿಗೆ ಆ ಕೈಗವಸನ್ನು ಕಂಡದ್ದು. ಬೆರಳ ತುದಿಗಳು ಹೊರಗೇ ಉಳಿಯುವಂಥ ಗವಸು. ಪ್ರತಿ ಬೆರಳ ಬೆನ್ನ ಮೇಲೂ ಒಂದೊಂದು ಪುಟ್ಟ ಜೇಬು, ಜೇಬಿನೊಳಗೆ ತೆಳ್ಳಗಿನ ಲೋಹದ ಕಡ್ಡಿಗಳು, ಮಣಿಕಟ್ಟಿಗೆ ಅಂಟುಪಟ್ಟಿ. ಕಡ್ಡಿ ಸೇರಿಸಿದರೆ ಬೆರಳಿಗೆ ಭಾರ ಹೆಚ್ಚು, ತೆಗೆದರೆ ಕಡಿಮೆ. ಅದನ್ನು ತೊಟ್ಟು ಒಂದೊಂದೇ ಬೆರಳನ್ನು ಎತ್ತಿ ಇಳಿಸಬೇಕು. ಆದರೆ ಗವಸು ಇದ್ದದ್ದು ಒಂದೇ, ರೋಗಿಗಳು ಮಾತ್ರ ಬೆಂಚಿನ ತುಂಬ. ಪರದೆಯಕ್ಕ ಅದನ್ನು ತಿರುವಿ ಮುರುವಿ, ಒಳಮೈ ಹೊರಗೆ ಮಾಡಿ, ಹೊಲಿಗೆ ಎಳೆದು ನೋಡಿ, "ಇದನ್ನ ನಾನೇ ಹೊಲೀತೀನಿ" ಅಂದಳು. "ಕಡ್ಡಿ ಯಾಕೆ, ನಂಹತ್ರ ಸೀಸದ ಮಣಿ ಇದೆ."

"ಧಾರಾಳವಾಗಿ ಹೊಲೀರಿ," ಅಂದಳು ಮೇಡಂ. "ಮಣೀನ ಬಟ್ಟೇಲಿ ಚೆನ್ನಾಗಿ ಸುತ್ತಿ ಹೊಲಿದು ಹಾಕಿ, ಮೈಗೆ ತಾಗಬಾರ್ದು. ತೂಕ ಮಾತ್ರ ನಾನು ಹೇಳಿದಷ್ಟೇ. ಬೆರಳಿಗೆ ಒಂದೊಂದು ಸಣ್ಣದು. ಬೆಳಗ್ಗೆ ಸ್ವಲ್ಪ ಹೊತ್ತು, ಅಷ್ಟೇ. ಕೈ ದಣೀತು, ನಡುಗ್ತು ಅಂದ್ರೆ ಮಣಿ ತೆಗೀಬೇಕು, ಹಾಕಬಾರ್ದು. ನೋವು ಬಂದ್ರೆ ಅವತ್ತಿಗೇ ನಿಲ್ಸಿ ನಂಹತ್ರ ಬನ್ನಿ. ಗೊತ್ತಾಯ್ತಲ್ಲ?"

ಗೊತ್ತಾಯಿತು ಎಂದು ಇಬ್ಬರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೇನು, ಎಲ್ಲರೂ ಆಡಿಸುತ್ತಾರೆ.

ಯಾವುದೋ ಸಭಾಂಗಣದ ಪರದೆಯಿಂದ ಉಳಿದಿದ್ದ ಕಡುನೀಲಿ ಮಖಮಲ್ಲಿನಲ್ಲಿ ಅವಳು ಗವಸು ಹೊಲಿದಳು. ಹೊಲಿಗೆಯ ಗಂಟು ಒತ್ತದಿರಲೆಂದು ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರು ಕೊಟ್ಟಳು. ಜೀವಮಾನದಲ್ಲಿ ಅಷ್ಟು ಸಣ್ಣ ಹೊಲಿಗೆ ಹಾಕಿರಲಿಲ್ಲ. ದಿನಾ ಬೆಳಗ್ಗೆ ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಹಿಡಿದು ಗವಸಿನೊಳಗೆ ಇಳಿಸುವಳು. ಅವನು ಅಷ್ಟು ಹೊತ್ತೂ ವಟಗುಟ್ಟುವನು. "ನೋಡೇ, ಮದುವೇಲಿ ಕೂಡ ನನ್ನ ಕೈನ ಹಿಂಗೆ ಹಿಡಿದಿರ್ಲಿಲ್ಲ ನೀನು. ಇದು ಮೊದ್ಲೇ ಕೆಡಬಾರ್ದಿತ್ತಾ?" ಎಂದರೆ, "ಮುಚ್ಚು ಬಾಯಿ, ಬೆರಳೆತ್ತು" ಎಂದು ಅವಳು ಗದರುವಳು.

ಕೈ ಸುಧಾರಿಸಿತು, ಸುಳ್ಳಲ್ಲ. ತಾನೇ ಅಂಗಿಯ ಗುಂಡಿ ಹಾಕಿಕೊಂಡ. ನೀರಿನ ಲೋಟ ಚೆಲ್ಲದೆ ಎತ್ತಿದ. ಬೀಗದಲ್ಲಿ ಕೀಲಿ ತಿರುಗಿಸಿದ. ಒಂದೊಂದು ಗೆಲುವನ್ನೂ ಬೀದಿಗೆಲ್ಲ ಡಂಗುರ ಸಾರಿದ. ಮೇಡಂ ಕೂಡ ನಕ್ಕು, ಹೀಗೇ ಮಾಡುತ್ತಿರಿ, ಇನ್ನೂ ಕೆಲವು ತಿಂಗಳು ಅಂಗಡಿಯ ಕಡೆ ಮಾತ್ರ ತಲೆ ಹಾಕಬೇಡಿ ಎಂದಳು.

ಆದರೆ ಅವನ ಜೀವ ಇದ್ದದ್ದೇ ಅಂಗಡಿಯಲ್ಲಿ. ಒಂದು ಬೆಳಗ್ಗೆ ಹೆಂಡತಿಗೆ ಹೇಳದೆ ಹೋಗಿ ಕತ್ತರಿ ಹಿಡಿದ. ಹಿಡಿಯಲೇನೋ ಆಯಿತು. ಗಾಳಿಯಲ್ಲಿ ಎತ್ತಿ ನಿಲ್ಲಿಸಿದ್ದೇ ತಡ, ತುದಿ ಗಡಗಡ ನಡುಗಿತು. ಭಾವಮೈದುನ ನೋಡಿಯೂ ನೋಡದವನಂತೆ ಗೋಡೆಯ ಕಡೆ ತಿರುಗಿಕೊಂಡ. ಅವನು ಕತ್ತರಿಯನ್ನು ಜೇಬಿಗಿಳಿಸಿಕೊಂಡು ಮನೆಗೆ ಬಂದು, "ಆಡ್ತಾ ಇದೆ ಕಣೇ, ನಿಲ್ತಾನೇ ಇಲ್ಲ" ಅಂದ.

ಅವಳು ಏನು ಮಾಡಿಯಾಳು? ತನಗೆ ಗೊತ್ತಿದ್ದದ್ದನ್ನೇ ಮಾಡಿದಳು. ಗವಸು ತೊಡಿಸಿ, ಬೆರಳಿಗೆ ಇನ್ನೊಂದೊಂದು ಮಣಿ ಹಾಕಿದಳು. ನಡುಕ ಕಡಿಮೆಯಾಯಿತು. ಹೆಬ್ಬೆರಳಿಗೆ ಮತ್ತೊಂದು ಹಾಕಿದಳು. ನಡುಕ ನಿಂತಿತು! ಮೇಜಿನ ಮೇಲಿದ್ದ ಹಳೇ ಪೇಪರನ್ನು ಅವನ ಮುಂದೆ ಹಿಡಿದಳು. ಕತ್ತರಿ ಗೆರೆ ಎಳೆದ ಹಾಗೆ ನೇರವಾಗಿ ಕೊನೆಯವರೆಗೂ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಳಗಳನೆ ಅತ್ತುಬಿಟ್ಟರು. ಮೇಡಂ ಹೇಳಿದ್ದು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಆದರೆ ಕಣ್ಣೆದುರಿಗೇ ಕೈ ನಿಂತಿರುವಾಗ ಬೇರೆಯವರ ಮಾತು ಯಾರಿಗೆ ಬೇಕು?

ಮಾರನೆಯ ದಿನವೇ ಅವನು ಗವಸು ತೊಟ್ಟುಕೊಂಡೇ ತನ್ನ ಕುರ್ಚಿಯ ಹಿಂದೆ ನಿಂತ. ಅಂಗಡಿಯಲ್ಲಿ ಹಬ್ಬದ ಗದ್ದಲ.

"ಏನಪ್ಪಾ, ಕುಸ್ತಿಗೆ ಹೊರಟ್ಯಾ?" ಎಂದು ಕೇಳಿದರೆ, "ಬಾಕ್ಸಿಂಗು ಸ್ವಾಮೀ. ತಲೆ ಅಲ್ಲಾಡಿಸಿದ್ರೆ ಒಂದು ಬಿಡ್ತೀನಿ" ಅನ್ನುವನು. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುವರು. ಪರದೆಯಕ್ಕ ಬಟ್ಟೆ ಕೊಳ್ಳುವ ನೆಪ ಮಾಡಿಕೊಂಡು ಆ ದಾರಿಯಲ್ಲೇ ಹೋಗಿ, ಗಾಜಿನಾಚೆಯಿಂದ ನೋಡಿ ಬರುವಳು. ತನ್ನ ಮಣಿ ಗೆದ್ದಿತೆಂಬ ಹಿಗ್ಗು ಅವಳಿಗೆ. "ಆಸ್ಪತ್ರೆಯವರಿಗೆ ಕೈ ಬಗ್ಗೆ ಗೊತ್ತು, ನಡುಕದ ಬಗ್ಗೆ ಏನು ಗೊತ್ತು?" ಎಂದು ಪಕ್ಕದ ಮನೆಯವರ ಮುಂದೆ ಕೊಚ್ಚಿಕೊಂಡೂ ಬಿಟ್ಟಳು.

ನಡುಕ ಮತ್ತೆ ಬಂತು. ಮೊದಲು ಸಂಜೆ ಹೊತ್ತಿಗೆ, ಆಮೇಲೆ ಮಧ್ಯಾಹ್ನವೇ. ಅವಳು ಮತ್ತೆ ಮಣಿ ಹಾಕಿದಳು. ಜೇಬುಗಳು ಸಾಲದೆ ಹೋದಾಗ ಬಿಚ್ಚಿ ಹಿಗ್ಗಿಸಿ ಹೊಲಿದಳು. ಮೇಡಂ ಬರಹೇಳಿದ ದಿನಗಳಲ್ಲಿ, ಅಂಗಡಿ ಬಿಟ್ಟು ಬರುವುದು ಹೇಗೆ, ಚೆನ್ನಾಗೇ ಇದೆಯಲ್ಲ ಎಂದು ಹೋಗಲಿಲ್ಲ. ಅವನು ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿಯತೊಡಗಿದ. ಸೋಮಾರಿ ಎಂದು ಅವಳು ಬೈದಳು. ಇನ್ನೊಂದನ್ನೂ ಅವಳು ಗಮನಿಸಿದ್ದಳು. ಬೆಳಗ್ಗೆ ಅವಳು ಮಣಿ ಸೇರಿಸುವ ಹೊತ್ತಿಗೆ ಸರಿಯಾಗಿ ಅವನ ಮಾತು ಏರುತ್ತಿತ್ತು. ಉಸಿರು ಬಿಡದೆ ಒಂದರ ಮೇಲೊಂದು ಕಥೆ, ದೊಡ್ಡ ದನಿಯಲ್ಲಿ. ಕೆಲಸಕ್ಕೆ ಹೋಗುವ ಉಮೇದು ಎಂದುಕೊಂಡಳು.

ಅವತ್ತು ಅವಳು ಒಂದು ಮನೆಯಲ್ಲಿ ಸ್ಟೂಲಿನ ಮೇಲೆ ನಿಂತು ಪರದೆ ಏರಿಸುತ್ತಿದ್ದಾಗ ಫೋನು ಬಂತು. ತಮ್ಮ. "ಅಕ್ಕಾ, ಭಾವನ ಹೆಬ್ಬೆರಳು ಏಳ್ತಿಲ್ಲ" ಅಂದ. ಅವನ ದನಿ ಒಡೆದಿತ್ತು. ಪರದೆಯನ್ನು ಹಾಗೇ ಅರ್ಧಕ್ಕೆ ನೇತುಬಿಟ್ಟು ಓಡಿದಳು. ಅಂಗಡಿಯಲ್ಲಿ ಗಿರಾಕಿಯೊಬ್ಬ ಅರ್ಧ ಕತ್ತರಿಸಿದ ತಲೆಯಲ್ಲಿ ಕೂತೇ ಇದ್ದ, ಪಾಪ, ಎದ್ದು ಹೋಗಬೇಕೋ ಬೇಡವೋ ತಿಳಿಯದೆ. ಅವಳ ಗಂಡ ಕಾಯುವವರ ಬೆಂಚಿನ ಮೇಲೆ ಕೂತಿದ್ದ. ಗವಸು ಕಳಚಿದ್ದ. ನಾಲ್ಕು ಬೆರಳು ಎತ್ತಿದರೆ ಏಳುತ್ತಿದ್ದವು. ಹೆಬ್ಬೆರಳು ಮಾತ್ರ ಕಾಂಡ ಮುರಿದ ಸೊಪ್ಪಿನ ಹಾಗೆ ಅಂಗೈ ಕಡೆ ಜೋತುಬಿದ್ದಿತ್ತು.

ಆಸ್ಪತ್ರೆಯಲ್ಲಿ ಮೇಡಂ ಮೊದಲು ಕೈ ನೋಡಿದಳು. ಆಮೇಲೆ ಗವಸನ್ನು ಕೇಳಿ ಇಸಿದುಕೊಂಡು, ಜೇಬುಗಳನ್ನು ಒಂದೊಂದಾಗಿ ಬಿಚ್ಚಿ, ಬಟ್ಟೆ ಸುತ್ತಿದ ಮಣಿಗಳನ್ನು ಮೇಜಿನ ಮೇಲೆ ಸುರಿದಳು. ಸುರಿಯುತ್ತಲೇ ಇದ್ದವು.

"ಇಷ್ಟೊಂದು ಯಾರು ಹಾಕಿದ್ದು?"

"ನಾನು," ಅಂದಳು ಪರದೆಯಕ್ಕ.

"ನಾನೇ ಹಾಕು ಅಂದಿದ್ದು, ಮೇಡಂ," ಎಂದು ಅವನು ನಡುವೆ ಬಾಯಿ ಹಾಕಿದ. "ಅವಳದೇನೂ ತಪ್ಪಿಲ್ಲ, ಅವಳು ಪಾಪ..."

"ತೂಕಕ್ಕೆ ನಡುಕ ನಿಲ್ಲುತ್ತೆ. ನಡುಕ ನಿಂತ ಮಾತ್ರಕ್ಕೆ ಬಲ ಬಂತು ಅಂತಲ್ಲ," ಅಂದಳು ಮೇಡಂ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. "ದಣಿದ ಬೆರಳಿಗೆ ಇಷ್ಟು ಭಾರ ಹೊರಿಸಿ ದಿನವಿಡೀ ದುಡಿಸಿದೀರಿ. ಹೆಬ್ಬೆರಳನ್ನ ಎತ್ತೋ ಸ್ನಾಯುವಿನ ಎಳೆ ಸವೆದು ಸವೆದು ಹರಿದುಹೋಗಿದೆ. ಅದು ಹೋಗಲಿ, ಹರಿಯೋಕೆ ಮುಂಚೆ ಜೀವ ಹೋಗೋಹಾಗೆ ನೋಯ್ತಿರಬೇಕಲ್ಲ ನಿಮಗೆ? ವಾರಗಟ್ಟಲೆ?"

ಅವನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ.

ಕೈಯ ಬೇರೆ ಕಡೆಯಿಂದ ಅಂಥದೊಂದು ಎಳೆಯನ್ನು ತಂದು ಕಟ್ಟಬಹುದು, ಚಮಚ ಹಿಡಿಯುವಷ್ಟಾಗುತ್ತದೆ ಎಂದರು ಡಾಕ್ಟರು. ಕತ್ತರಿ? ಇಲ್ಲ. ಅವರು ಅದನ್ನು ಒಂದೇ ಸಲ ಹೇಳಿದರು, ಅವನು ಎರಡನೇ ಸಲ ಕೇಳಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಪರದೆಯಕ್ಕ ಅವನ ಎದುರಿಗೆ ನಿಂತಳು.

"ನೋಯ್ತಿತ್ತಾ?"

"ಬಿಡೇ ಈಗ."

"ನೋಯ್ತಿತ್ತಾ ಇಲ್ವಾ?"

"ನೋಯ್ತಿತ್ತು."

"ಎಷ್ಟು ದಿನದಿಂದ?"

"ಎರಡನೇ ಮಣಿ ಹಾಕಿದಾಗಿಂದ."

ಅವಳು ಕಿರುಚಿದಳು. ಮೇಲಿನ ಮನೆಯವರೆಗೂ ಕೇಳುವ ಹಾಗೆ ಕಿರುಚಿದಳು. "ಬಾಯಿಗೇನಾಗಿತ್ತು ನಿಂಗೆ? ಊರಲ್ಲಿರೋರ ಕಥೆಯೆಲ್ಲ ಒದರ್ತೀಯಲ್ಲ, ನೋವಾಗ್ತಿದೆ ಅನ್ನೋ ಒಂದು ಮಾತು ಬರ್ಲಿಲ್ವಾ ಆ ಬಾಯಿಗೆ? ನಿನ್ನ ಕೈ ತೆಗೆದೋಳು ನಾನೇ ಆಗಬೇಕಿತ್ತಾ?" ಮೇಜಿನ ಮೇಲಿದ್ದ ಮಣಿಗಳ ಡಬ್ಬಿಯನ್ನು ಎತ್ತಿ ಗೋಡೆಗೆ ಬಡಿದಳು. ಕೋಣೆಯ ತುಂಬ ಸೀಸ ಉರುಳಾಡಿತು. ಆಮೇಲೆ ನೆಲದ ಮೇಲೆ ಕುಸಿದು ಕೂತು, ತಲೆ ಚಚ್ಚಿಕೊಂಡು ಅತ್ತಳು.

ಅವನೂ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ತೀರ ಮೆಲ್ಲಗೆ ಮಾತಾಡಿದ.

"ಮಕ್ಕಳಾಗಲ್ಲ ಅಂತ ಗೊತ್ತಾದ ಮೇಲೆ ನೀನು ಅಷ್ಟು ಖುಷಿಯಾಗಿದ್ದದ್ದನ್ನ ನಾನು ನೋಡಿರ್ಲಿಲ್ಲ ಕಣೇ. ಬೆಳಗ್ಗೆ ಎದ್ದು ಮಣಿ ಹಾಕಿ, ನಿಂತ್ಕೋತು ನೋಡು, ನಿಂತ್ಕೋತು ನೋಡು ಅಂತ ಕುಣೀತಿದ್ದೆ. ಹೆಂಗೆ ಹೇಳ್ಲಿ? ನಾಳೆ ಹೇಳಿದ್ರಾಯ್ತು ಅಂದ್ಕೋತಿದ್ದೆ. ಕೂಗಿಬಿಡ್ತೀನೇನೋ ಅಂತ ಬಾಯಿಗೆ ಬಂದಿದ್ದು ಮಾತಾಡ್ತಿದ್ದೆ."

ಅವಳು ಅವನನ್ನು ಹೊಡೆದಳು. ಹೆಗಲಿಗೆ, ಬೆನ್ನಿಗೆ, ಎದೆಗೆ, ಸಿಕ್ಕಸಿಕ್ಕಲ್ಲಿ. ಕೈಯೊಂದನ್ನು ಬಿಟ್ಟು. ಅವನು ಹೊಡೆಸಿಕೊಂಡ.

ಆಪರೇಷನ್ ಆಯಿತು. ಅವನೇ ಭಾವಮೈದುನನನ್ನು ಕರೆದು, "ಆ ಕುರ್ಚೀನ ಯಾರಿಗಾದ್ರೂ ಕೊಡೋ. ಖಾಲಿ ಇಟ್ರೆ ಗಿರಾಕಿ ನಿಲ್ಲಲ್ಲ" ಅಂದ. ತಮ್ಮ ಒಪ್ಪಲಿಲ್ಲ, ಅತ್ತ, ಜಗಳವಾಡಿದ, ಕೊನೆಗೆ ಒಪ್ಪಿದ. ಈಗ ಅಲ್ಲಿ ಬೇರೆಯವನೊಬ್ಬ ನಿಂತು ಕತ್ತರಿ ಆಡಿಸುತ್ತಾನೆ. ರೇಡಿಯೋ ಆ ಬೀದಿಗೆ ಹೋಗುವುದಿಲ್ಲ. ಸುತ್ತು ಬಳಸಿ, ತರಕಾರಿ ಅಂಗಡಿಗಳ ಹಿಂದಿನಿಂದ ಹೋಗಿ ಬರುತ್ತಾನೆ. ಮನೆಯಲ್ಲಿ ಹೆಂಡತಿಯ ಪಕ್ಕ ಕೂತು ಎಡಗೈಯಿಂದ ಥಾನು ಹಿಡಿದುಕೊಡುತ್ತಾನೆ, ಮಾತೂ ಆಡುತ್ತಾನೆ, ಮೊದಲಿನ ಹಾಗೇ. ಪರದೆಯಕ್ಕ ಮಾತ್ರ ಈಗ ಸೂಜಿ ಕಚ್ಚಿಕೊಂಡು ನಗುವುದಿಲ್ಲ. ಮಾತು ಜೋರಾದರೆ ಸಾಕು, ಯಂತ್ರ ನಿಲ್ಲಿಸಿ ಅವನ ಮುಖ ನೋಡುತ್ತಾಳೆ.

ಹೊಸ ಎಳೆ ಅಂಟಿಕೊಳ್ಳದಿರಬೇಕಾದರೆ ದಿನಾ ಹೆಬ್ಬೆರಳನ್ನು ಚೆನ್ನಾಗಿ ಒತ್ತಿ, ಹಿಂದಕ್ಕೆ ಬಾಗಿಸಬೇಕು ಎಂದು ಮೇಡಂ ಹೇಳಿದ್ದಾಳೆ. ಸ್ವಲ್ಪ ಬಿಗಿಯಾಗೇ ಒತ್ತಿ, ಹೆದರಬೇಡಿ, ಅವರಿಗೆ ನೋವಾಗೋ ಕಡೆ ನಿಲ್ಲಿಸಿ, ಇಲ್ಲದಿದ್ದರೆ ಬೆರಳು ಮರಗಟ್ಟಿಬಿಡುತ್ತೆ, ಚಮಚ ಹಿಡಿಯೋದೂ ಆಗಲ್ಲ ಅಂದಿದ್ದಾಳೆ. ಬೆಳಗ್ಗೆ ಅವಳು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಣ್ಣೆ ಸವರಿ, ಹೆಬ್ಬೆರಳಿಗೆ ತನ್ನ ಬೆರಳು ಕೊಡುತ್ತಾಳೆ. ಒಂದಿಷ್ಟು ಒತ್ತಿ ಕೇಳುತ್ತಾಳೆ.

"ನೋವಾ?"

"ಇಲ್ಲ."

"ನಿಜ ಹೇಳು."

"ನಿಜವಾಗ್ಲೂ ಇಲ್ಲ ಕಣೇ. ಒತ್ತು, ಇನ್ನೂ ಒತ್ತು."

ನಿಜಕ್ಕೂ ನೋವಿಲ್ಲದೆಯೂ ಇರಬಹುದು. ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟೇ ಹೇಳುತ್ತಾನೆ. ಅವಳು ಅವನ ಹುಬ್ಬು ನೋಡುತ್ತಾಳೆ, ತುಟಿ ನೋಡುತ್ತಾಳೆ, ಉಸಿರು ಕೇಳುತ್ತಾಳೆ. ಏನೂ ಗೊತ್ತಾಗುವುದಿಲ್ಲ. ಬೆರಳು ದಿನದಿಂದ ದಿನಕ್ಕೆ ಬಿಗಿಯಾಗುತ್ತಿದೆ, ಅದು ಅವಳಿಗೆ ತಿಳಿಯುತ್ತಿದೆ. ಒತ್ತು ಮಾರಾಯ್ತಿ, ನನಗೇನೂ ಆಗಲ್ಲ ಎಂದು ಅವನು ಬೇಡಿಕೊಳ್ಳುತ್ತಾನೆ. ಅವಳಿಗೆ ಒತ್ತಲು ಮನಸ್ಸು ಬರುವುದಿಲ್ಲ.